ಗಂಟೆ ಆಗದೆ ಮುಟ್ಟದ ರೊಟ್ಟಿ

ಅಥಣಿ, ಸೋಮವಾರ

ಅಪ್ಪಾ,

ಫೋನ್ ಮಾಡಿದರೆ ಕಟ್ ಮಾಡುತ್ತೀ, ಅದಕ್ಕೇ ಈ ಕಾರ್ಡು. ನಮ್ಮೂರು ಬೇಡಕಿಹಾಳದ ಪೋಸ್ಟ್‌ಮನ್ ಓದಿದರೆ ಓದಲಿ.

ನಿನ್ನೆ ಬೋರ್ಡಿಂಗ್ ಶಾಲೆಗೆ ಹೋಗಿ ತಮ್ಮ ಹಾಲೇಶನನ್ನು ನೋಡಿದೆ. ಅವ್ವ ಬಡಿದು ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಮುಂದಿಟ್ಟೆ. ಹಸಿದಿದ್ದ, ಆದರೂ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ತಿನ್ನೋ ತಮ್ಮಾ" ಅಂದೆ.

"ಊಟದ ಗಂಟಿ ಆಗಿಲ್ಲಣ್ಣಾ, ಸರ್ ಬೈತಾರ" ಅಂದ.

ಎಂಟು ವರ್ಷದ ಕೂಸು! ವಾರ್ಡನ್ ಬಂದು, "ಶಿಸ್ತ ಹೆಂಗ ಐತಿ ನೋಡ್ರಿ" ಎಂದು ನಕ್ಕ. ನಮ್ಮ ಕುರಿಮರಿ ಹಸಿದರೆ ಊರಿಗೆಲ್ಲ ಕೇಳುವಂತೆ ಒದರುತ್ತದೆ. ಇವನು ಅದನ್ನೂ ಮರೆತಿದ್ದಾನೆ.

ಸುಳ್ಳು ಬರೆಯುವುದಿಲ್ಲ, ಇಂಗ್ಲಿಷ್ ಚೆನ್ನಾಗಿ ಓದುತ್ತಾನೆ. ಶಾಲೆ ಬಿಟ್ಟ ನನ್ನ ಮಾತು ನಿನಗೆ ಬೇಡ, ಅದೂ ಗೊತ್ತು. ಮನೆಗೆ ಕರೆದೊಯ್ಯುತ್ತೇನೆ ಅಂದರೆ, ತಂದೆ ಬಾರದೆ ಹುಡುಗನನ್ನು ಕಳಿಸುವುದಿಲ್ಲವಂತೆ. ಹಾಗಾದರೆ ನೀನೇ ಬಾ. ಅಲ್ಲಿಯವರೆಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುತ್ತೇನೆ. ಊಟಕ್ಕೆ ತೊಂದರೆ ಇಲ್ಲ, ಅವ್ವನಿಗೆ ಹೇಳು.

ಬರುವಾಗ ರೊಟ್ಟಿ ತಾ. ಗಂಟೆಗೆ ಮುಂಚೆ ನಿನ್ನ ಕೈಯಿಂದ ಒಂದು ತುತ್ತು ತಿಂದರೆ ಅವನು ಅಲ್ಲೇ ಇರಲಿ, ನಾನು ಬಾಯಿ ಮುಚ್ಚುತ್ತೇನೆ. ತಿನ್ನದಿದ್ದರೆ ಅವನ ಟ್ರಂಕನ್ನು ನೀನೇ ಹೊರಬೇಕು.

ಭೀಮಸಿ