ಪವರ್ ಸಪ್ಲೈ ಕೆಟ್ಟಿರಲಿಲ್ಲ

ಗಡಿಯಾರದ ಅಂಗಡಿಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯೆ? ನೆಗಡಿ ಬಿಟ್ಟಿತೇ? ಅತ್ತೆಯ ಮಂಡಿನೋವು ಹೇಗಿದೆ? ಔಷಧಿ ಗೋದಾಮಿನಲ್ಲಿ ಇಡೀ ದಿನ ನಿಂತುಕೊಂಡೇ ಪೆಟ್ಟಿಗೆ ಕಟ್ಟುತ್ತೀಯಂತೆ, ಅಮ್ಮ ಹೇಳಿದಳು. ನಡುನಡುವೆ ಕೂತುಕೋ ಮಾರಾಯ್ತಿ. ನನಗೆ ನೇರವಾಗಿ ಏನೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ "ಅಮ್ಮಂಗೆ ಕೊಡಪ್ಪಾ" ಅನ್ನುತ್ತೀಯೆ. ಐದು ತಿಂಗಳಿಂದ ನನ್ನ ಪಾಲಿಗೆ ಬಂದದ್ದು ಇಷ್ಟೇ ಮಾತು. ಆನ್‌ಲೈನ್ ಆಟದ ಪಂದ್ಯದ ನಡುವೆ ಕಂಪ್ಯೂಟರ್ ಆರಿಹೋಗಿ, ತಂಡ ಸೋತು, ನೀನು ಆಟವನ್ನೇ ಬಿಟ್ಟು ಅತ್ತೆಯ ಮನೆಗೆ ಹೋದ ದಿನದಿಂದ ಹೀಗೆ. ನೀನು ಮತ್ತೆ ಆಡಬೇಕು, ನನ್ನ ಜೊತೆ ಮತ್ತೆ ಮಾತಾಡಬೇಕು. ನನಗಿರುವುದು ಇಷ್ಟೇ ಆಸೆ. ಅದಕ್ಕೇ ಈ ಕಾಗದ. ಇದನ್ನು ಅಮ್ಮನ ಕೈಗೆ ದಾಟಿಸಲು ಬರುವುದಿಲ್ಲ, ನೀನೇ ಓದಬೇಕು.

ನಿನಗೊಂದು ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ನಗಬೇಡ. "ಕನಸಿನ ಡಬ್ಬ" ಎಂದು ತಲೆಬರಹ ಕೊಟ್ಟು ನೀನು ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು, ಪ್ರತಿ ಶನಿವಾರ ಬಿಡಿಭಾಗಗಳ ಅಂಗಡಿಗೆ ಹೋಗುತ್ತೇನೆ. ಅಂಗಡಿಯಾಕೆ ಬಲು ಜೋರು. ಮೊದಲ ದಿನ ನಾನು ಎಲ್ಲದರಲ್ಲೂ ಒಳ್ಳೆಯದನ್ನೇ ಕೊಡಿ ಅಂದದ್ದಕ್ಕೆ, "ಹಾಗೆಲ್ಲ ಆಗಲ್ಲ ಯಜಮಾನ್ರೇ, ಒಂದಕ್ಕೊಂದು ಹೊಂದಬೇಕು" ಎಂದು ಸ್ಟೂಲ್ ಎಳೆದು ಕೂರಿಸಿ ಪಾಠ ಮಾಡಿದಳು. ಪ್ರೊಸೆಸರಿಗೆ ತಕ್ಕ ಮದರ್‌ಬೋರ್ಡ್, ಬೋರ್ಡಿಗೆ ತಕ್ಕ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ನೋಡಿ ನಾನು ಬೆಚ್ಚಿಬಿದ್ದೆ, ಇಟ್ಟಿಗೆಗಿಂತ ಉದ್ದ! ನೀನು ಬರೆದಿದ್ದ ಕ್ಯಾಬಿನೆಟ್ಟಿನಲ್ಲಿ ಅದು ಕೂರುವುದಿಲ್ಲ ಎಂದು ಕಂಡುಹಿಡಿದವನು ಯಾರು ಗೊತ್ತೇ? ನಿನ್ನಪ್ಪ. ಸ್ಕೇಲ್ ತೆಗೆದುಕೊಂಡು ಹೋಗಿದ್ದೆ. ಮುಂದಿನ ಫ್ಯಾನುಗಳನ್ನು ಕೂರಿಸಿದರೆ ಆರು ಮಿಲಿಮೀಟರ್ ಸಾಲದು. ಆಕೆ ಕಣ್ಣು ಕಣ್ಣು ಬಿಟ್ಟಳು. ಬೇರೆ ಕ್ಯಾಬಿನೆಟ್ ಆರಿಸಿದೆವು. ಬಣ್ಣ ಕಪ್ಪೇ, ಹೆದರಬೇಡ. ಮಿಣಮಿಣ ದೀಪಗಳು ಬೇಡವೆಂದೆ, ಪಟ್ಟಿಯಲ್ಲಿ ನೀನು ಅದನ್ನು ಎರಡು ಸಲ ಹೊಡೆದುಹಾಕಿದ್ದೆ.

ಜೋಡಣೆ ಮಾತ್ರ ನನ್ನದೇ ಎಂದು ಹಟ ಹಿಡಿದೆ. ಮೂವತ್ತು ವರ್ಷ ವಾಚು ಬಿಚ್ಚಿದ ಕೈ ಎಂಬ ಜಂಬ. ಸರಿಯಾಗಿ ಶಾಸ್ತಿಯಾಯಿತು. ನಮ್ಮ ಕಸುಬಿನಲ್ಲಿ ಯಾವ ಯಂತ್ರ ಕೈಗೆ ಬಂದರೂ ಮೊದಲು ಜಿಡ್ಡು ತೆಗೆಯಬೇಕು. ಪ್ರೊಸೆಸರನ್ನು ತಣ್ಣಗಿಡುವ ಹೊಸ ಕೂಲರಿನ ತಳದಲ್ಲಿ ಬೂದು ಬಣ್ಣದ ಜಿಡ್ಡು ಮೆತ್ತಿಕೊಂಡಿತ್ತು. ಹೊಸ ಸಾಮಾನಿಗೆ ಇದೆಂಥ ಕೊಳಕು ಎಂದು ಬೈದುಕೊಂಡು, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಫಳಫಳ ಉಜ್ಜಿ ಪ್ರೊಸೆಸರಿನ ಮೇಲೆ ಕೂರಿಸಿದೆ. ಡಬ್ಬಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಹೊಸದನ್ನು ಇನ್ನೂ ಕೊಂಡಿರಲಿಲ್ಲ. ಪರೀಕ್ಷೆಗೆಂದು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಿನ್ನ ಹಳೆಯ ಪವರ್ ಸಪ್ಲೈಯನ್ನೇ ಸಿಕ್ಕಿಸಿದ್ದೆ. ಆನ್ ಮಾಡಿದರೆ ಎರಡೇ ನಿಮಿಷ, ತೆರೆ ಕಪ್ಪಾಯಿತು. ಮತ್ತೆ ಆನ್ ಮಾಡಿದೆ, ಮತ್ತೆ ಕಪ್ಪು. ಅಂದು ನಿನಗೂ ಹೀಗೇ ಆಗಿರಬೇಕು ಅನ್ನಿಸಿತು.

ಡಬ್ಬ ಹೊತ್ತುಕೊಂಡು ಆಕೆಯ ಅಂಗಡಿಗೆ ಓಡಿದೆ. "ಅಯ್ಯೋ ಯಜಮಾನ್ರೇ, ಅದು ಜಿಡ್ಡಲ್ಲ, ಪೇಸ್ಟು! ಬಿಸಿ ಎಳ್ಕೊಳ್ಳಲಿ ಅಂತ ಅವರೇ ಹಚ್ಚಿರ್ತಾರೆ!" ಎಂದು ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಸ ಪೇಸ್ಟು ಹಚ್ಚಿದಳು. ಪುಣ್ಯಕ್ಕೆ ಪ್ರೊಸೆಸರಿಗೇನೂ ಆಗಿರಲಿಲ್ಲ. ಆಮೇಲೆ ಹಳೆಯ ಪವರ್ ಸಪ್ಲೈಯನ್ನು ಪರೀಕ್ಷಿಸಿ ನೋಡಿ ನಗು ನಿಲ್ಲಿಸಿದಳು. "ಇದು ಕೆಟ್ಟಿದೆ ಅಂದಿದ್ರಿ. ಕಲ್ಲುಗುಂಡಿನ ಹಾಗಿದೆಯಲ್ಲ? ಕೆಟ್ಟದ್ದು ಅಂತ ಗೊತ್ತಿದ್ದೂ ಯಾಕೆ ಸಿಕ್ಕಿಸಿದ್ರಿ?" ಅದು ಕೆಟ್ಟಿಲ್ಲವೆಂದು ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಕೇಳು ಮಗಳೇ. ಪಂದ್ಯದ ದಿನ ಮಧ್ಯಾಹ್ನ ನಾನು ಮೂರು ಸಲ ಊಟಕ್ಕೆ ಕರೆದೆ. ಮೂರು ಸಲವೂ ನೀನು "ಐದೇ ನಿಮಿಷ ಅಪ್ಪಾ" ಅಂದೆ. ನನಗೆ ರೇಗಿಹೋಯಿತು. ಹಾಲಿನ ಬೋರ್ಡಿನಲ್ಲಿ ನಿನ್ನ ಮೇಜಿನ ಪ್ಲಗ್ಗಿಗೆ ಹೋಗುವ ಸ್ವಿಚ್ ಇದೆಯಲ್ಲ, ಅದನ್ನು ಆರಿಸಿದೆ. ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಅದು ಆಯ್ಕೆಯ ಪಂದ್ಯವೆಂದು ತಿಳಿದಿರಲಿಲ್ಲ ಎಂದು ಜಾರಿಕೊಳ್ಳಬಹುದು. ತಿಳಿದಿತ್ತು. ಅಮ್ಮ ಬೆಳಗ್ಗೆಯೇ ಹೇಳಿದ್ದಳು. ನೀನು ಬಂದು ಊಟಕ್ಕೆ ಕೂತು, "ನಂದೇ ತಪ್ಪು ಅಪ್ಪಾ, ಅಗ್ಗದ ಪವರ್ ಸಪ್ಲೈ ತಗೊಂಡೆ" ಅಂದೆ. ನಾನು ತಟ್ಟೆ ನೋಡುತ್ತ ಊಟ ಮುಗಿಸಿದೆ. ಅವತ್ತಿನಿಂದ ನನ್ನ ಮೇಲೆ ನನಗೇ ಅಸಹ್ಯ. ಅಮ್ಮನಿಗೂ ಇಂದು ಬೆಳಗ್ಗೆಯಷ್ಟೇ ಹೇಳಿದ್ದು, ಅವಳು ಎದ್ದು ಒಳಗೆ ಹೋದಳು.

ಈಗ ಆಕೆಯ ಅಂಗಡಿಯಲ್ಲಿದ್ದ ಅತ್ಯಂತ ಗಟ್ಟಿಯಾದ ಪವರ್ ಸಪ್ಲೈ ತಂದು ಕೂರಿಸಿದ್ದೇನೆ. ಸಿಟ್ಟಿನ ಅಪ್ಪನಿಂದ ಕಾಪಾಡುವಂಥದ್ದು ಯಾರೂ ಮಾಡುವುದಿಲ್ಲವಂತೆ, ವಿಚಾರಿಸಿದೆ. ಡಬ್ಬವನ್ನು ಅಲ್ಲಿಗೇ ಕಳಿಸಲೇ, ಇಲ್ಲಿಗೇ ಬರುತ್ತೀಯೋ, ನೀನು ಹೇಳಿದ ಹಾಗೆ. ಬೈಯಬೇಕೆನ್ನಿಸಿದರೆ ಬೈದು ಬರೆ. ಅತ್ತೆಗೆ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ತಂಡದ ನಾಯಕಿಗೆ ಫೋನ್ ಮಾಡಿದೆ. ಸ್ವಿಚ್ ಆರಿಸಿದವನು ನಾನು, ತಪ್ಪು ನನ್ನದು, ಅವಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ. ಆ ಹುಡುಗಿ, "ಅವಳಿಗೆ ಅವತ್ತೇ ಗೊತ್ತಿತ್ತು ಅಂಕಲ್. ಮನೇಲಿ ಕರೆಂಟ್ ಇದ್ರೂ ಮೇಜಿನ ದೀಪಾನೂ ಕಂಪ್ಯೂಟರ್ ಜೊತೆ ಒಟ್ಟಿಗೇ ಆರಿತಂತೆ. ಯಾರಿಗೂ ಹೇಳಬೇಡ ಅಂದಿದ್ಲು" ಎಂದಳು. ದೀಪ! ಅದೂ ಅದೇ ಸ್ವಿಚ್ಚಿನದೆಂದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ತಟ್ಟೆಯ ಮುಂದೆ ಕೂತು ನೀನು "ನಂದೇ ತಪ್ಪು" ಅಂದದ್ದು, ನಾನು "ಅಲ್ಲ" ಅನ್ನಲಿ ಎಂದೇ? ಐದು ತಿಂಗಳು ಆ ಒಂದು ಮಾತಿಗೇ ಕಾದೆಯಾ? ಅಲ್ಲ ಮಗಳೇ. ನಿನ್ನ ತಪ್ಪಲ್ಲ.