ಅಕ್ಷತೆ ತಿಂದ ವಿಸಿಆರ್

ಲಕ್ಕೂರು
೧೮ ಫೆಬ್ರವರಿ ೨೦೨೪

ಅಕ್ಕನ ಮಗಳು ಗಂಗಾಲಕ್ಷ್ಮಿಗೆ, ಅವಳಿಗೆ ಒಬ್ಬನೇ ಸೋದರಮಾವನೂ ಲಕ್ಕೂರು ಸೀಮೆಗೆ ಒಬ್ಬನೇ ಮೆಕ್ಯಾನಿಕ್ಕೂ ಆದ ಮುನಿಶಾಮಿ ಮಾಡುವ ಆಶೀರ್ವಾದ.

ಗಂಗೂ, ನೀನು ಕೇಳಿದ ಹಾಡು ನಿನ್ನ ಮೊಬೈಲಿಗೆ ಬಂದಿರಬೇಕು. ಅದು ಹೇಗೆ ಸಿಕ್ಕಿತು ಎಂದು ಫೋನಿನಲ್ಲಿ ಹೇಳಹೊರಟರೆ ನೀನು ನಡುನಡುವೆ ನಕ್ಕು ನನ್ನ ಮಾನ ಕಳೆಯುತ್ತೀಯ. ಕಾಗದದಲ್ಲಾದರೆ ಬಾಯಿ ಹಾಕಲು ಆಗುವುದಿಲ್ಲ. ಕೂತು ಓದು.

ಮುಳಬಾಗಿಲಿನ ನಿಮ್ಮ ಮನೆಯಲ್ಲಿ ನಿನ್ನ ನಿಶ್ಚಿತಾರ್ಥದ ದಿನ ಆದದ್ದನ್ನು ನೆನೆದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ರಾಯಲ್ಪಾಡಿನ ಬೀಗರ ಹೆಂಗಸರು ಸಾಲಾಗಿ ನಿಂತು, ನಮ್ಮನ್ನು ಹಂಗಿಸಿ ತೆಲುಗಿನಲ್ಲಿ ಹಾಡಿದ್ದೇ ಹಾಡಿದ್ದು. ಎದುರು ಹಾಡಬೇಕಾದ ನಮ್ಮವರು ಗೋಡೆ ನೋಡಿದರು. ನಿನ್ನ ಅತ್ತೆಯಾಗುವಾಕೆ, "ಏಮ್ಮಾ, ಮೀಕು ಪಾಟಲು ರಾವಾ? ಹಾಡೇ ಬರಲ್ವಾ?" ಎಂದು ಎರಡು ಭಾಷೆಯಲ್ಲೂ ಕೇಳಿ ನಕ್ಕಳು. ನಿನ್ನ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ನಿಮ್ಮಮ್ಮನ ಮದುವೆಯಲ್ಲಿ ನಮ್ಮವ್ವ, ಅದೇ ನಿಮ್ಮ ದೊಡ್ಡಗಂಗಮ್ಮಜ್ಜಿ, ಹಾಡಿ ಗಂಡಿನ ಕಡೆಯವರನ್ನೆಲ್ಲ ತಲೆ ತಗ್ಗಿಸಿ ಕೂರಿಸಿದ್ದಳು. ಈಗ ಕೇಳಿದರೆ, "ಬಂದಾರೆ ಬೀಗರು..." ಎಂದು ಶುರುಮಾಡಿ, ಅಲ್ಲೇ ನಿಂತು, "ನಾನೆಲ್ಲಿ ಹಾಡಿದ್ನೋ, ಯಾರೋ ಕಟ್ಟಿ ಹೇಳಿರ್ಬೇಕು" ಎನ್ನುತ್ತಾಳೆ.

ಅವಳು ಹಾಡಿದ್ದಕ್ಕೆ ಸಾಕ್ಷಿ ಆ ಮದುವೆಯ ವಿಡಿಯೊ ಕ್ಯಾಸೆಟ್ ಒಂದೇ. ಅದನ್ನು ಹಾಕಲು ಇರುವುದು ನಮ್ಮ ಅಟ್ಟದ ಮೇಲಿನ ವಿಸಿಆರ್ ಒಂದೇ. ಬರುವ ತಿಂಗಳು ಮದುವೆ.

ಇಳಿಸಿ ತಂತಿ ಚುಚ್ಚಿದೆ. ದೀಪ ಹತ್ತಿತು. ಕ್ಯಾಸೆಟ್ ತೂರಿಸಿದರೆ ಅರ್ಧ ನುಂಗಿ, ಕರ್ ಕರ್ ಎಂದು ಹಲ್ಲು ಕಡಿದು, ಆಚೆ ಉಗುಳಿತು. ಮಾಲೂರಿನ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅವನು ನೋಡಿ, "ಯಜಮಾನ್ರೇ, ಇದನ್ನ ಗುಜರಿಗೆ ಹಾಕಿ, ಇಲ್ಲಾ ಪೂಜೆಗಿಡಿ" ಎಂದ. ಪೂಜೆಯ ಮಾತು ಎಷ್ಟು ಸರಿ ಅನ್ನುವುದು ಆಮೇಲೆ ತಿಳಿಯಿತು.

ಏಳನೇ ಕ್ಲಾಸಿನವರೆಗೆ ಓದಿದವನು, ಇಡೀ ಹೋಬಳಿಯ ಪಂಪ್‌ಸೆಟ್ಟುಗಳ ನಾಡಿ ಹಿಡಿದವನು, ನಾನು ಸುಮ್ಮನಿರುತ್ತೇನೆಯೇ? ಸ್ಕ್ರೂಡ್ರೈವರ್ ತೆಗೆದೆ. ನಿಮ್ಮತ್ತೆ ರಾಮಲಕ್ಷ್ಮಮ್ಮ ಅಡುಗೆಮನೆಯಿಂದಲೇ, "ನೀವು ಬಿಚ್ಚಿದ್ದು ಯಾವ್ದು ತಿರ್ಗಾ ಮುಚ್ಕೊಂಡೈತೆ? ಆ ಮಿಕ್ಸಿ ಇವತ್ತಿಗೂ ಆಟೋ ಥರ ಕೂಗ್ತೈತೆ" ಎಂದಳು. ಆ ಮಿಕ್ಸಿ ಕೂಗುತ್ತದೆ, ಆದರೆ ರುಬ್ಬುತ್ತದೆ. ಅದನ್ನು ಅವಳು ಹೇಳುವುದಿಲ್ಲ.

ಮುಚ್ಚಳ ಎತ್ತಿದೆ. ಒಳಗೆ ಏನಿತ್ತು ಅಂದುಕೊಂಡಿದ್ದೀಯ? ಅರಿಶಿನದ ಅಕ್ಕಿ ಕಾಳು, ಒಣಗಿದ ಸೇವಂತಿಗೆ ಎಸಳು, ಗಟ್ಟಿಯಾದ ಕುಂಕುಮ! ಹಲ್ಲು ಚಕ್ರಗಳ ಸಂದಿಯಲ್ಲೆಲ್ಲ ಅಕ್ಷತೆ. ಆಯುಧಪೂಜೆಗೆ ನಮ್ಮ ಮನೆಯಲ್ಲಿ ಸೈಕಲ್ಲು, ಮೋಟರು, ಮಿಕ್ಸಿಯ ಜೊತೆ ಇದನ್ನೂ ಇಡುತ್ತಿದ್ದೆವಲ್ಲ, ಆಗ ನಿಮ್ಮಜ್ಜಿ ಕ್ಯಾಸೆಟ್ ತೂರಿಸುವ ಪುಟ್ಟ ಬಾಗಿಲು ತಳ್ಳಿ ಒಳಕ್ಕೇ ಅಕ್ಷತೆ ಹಾಕುತ್ತಿದ್ದಳಂತೆ. "ಯಾಕವ್ವಾ?" ಎಂದರೆ, "ಬಾಯಿರೋ ಸಾಮಾನಿಗೆ ಮೈಮೇಲೆ ಹಾಕಿದ್ರೆ ಏನ್ಲಾ ಬಂತು? ಬಾಯಿಗೆ ಹಾಕ್ಬೇಕು" ಎಂದು ನನಗೇ ಪಾಠ ಹೇಳಿದಳು.

ಹಳೇ ಪೇಂಟ್ ಬ್ರಷ್ಷಿನಿಂದ ಗುಡಿಸಿದೆ. ಹಠ ಮಾಡಿದ ಕಾಳುಗಳನ್ನು ನಿಮ್ಮತ್ತೆಯ ಹೇರ್‌ಪಿನ್ನಿನಿಂದ ಕಿತ್ತೆ. ಟೇಪು ಸುತ್ತುವ ದುಂಡನೆಯ ಹೆಡ್ಡನ್ನು, ಮಗುವಿನ ಕೆನ್ನೆ ಒರೆಸುವ ಹಾಗೆ, ಮೆತ್ತನೆ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಟೇಪನ್ನು ಸುತ್ತಿಸುವ ಚಕ್ರದ ರಬ್ಬರು ಮಾತ್ರ ಸವೆದು ಜಾರುತ್ತಿತ್ತು. ಈಗ ನನ್ನ ತಲೆ ನೋಡು: ಹೊಲಿಗೆ ಮಿಷನ್ನಿನಲ್ಲಿ ಬಾಬಿನ್ನಿಗೆ ದಾರ ಸುತ್ತುವ ಕಡೆ ಪುಟ್ಟ ರಬ್ಬರ್ ಉಂಗುರ ಇರುತ್ತದಲ್ಲ, ನಿಮ್ಮತ್ತೆ ಹೂ ಕೊಯ್ಯಲು ಹೋದಾಗ ಅದನ್ನು ಬಿಚ್ಚಿ ಇಲ್ಲಿಗೆ ಎಳೆದು ಕೂರಿಸಿದೆ. ಹುಟ್ಟಿದ್ದೇ ಅದಕ್ಕೆ ಅನ್ನುವ ಹಾಗೆ ಕೂತಿತು.

ಗುಂಡಿ ಒತ್ತಿದೆ. ಕ್ಯಾಸೆಟ್ ಒಳಗೆ ಹೋಯಿತು, ಉಗುಳಲಿಲ್ಲ! ಮೊದಲು ಟಿವಿ ತುಂಬ ಜಡಿಮಳೆ. ಮಳೆ ನಿಂತ ಮೇಲೆ, ತಲೆತುಂಬ ಹೂ ಮುಡಿದು ನಿಮ್ಮಮ್ಮ ಬಂದಳು. ಥೇಟ್ ನಿನ್ನ ಮೂಗು. ಆಮೇಲೆ ನಿಮ್ಮಜ್ಜಿ, ಹಸಿರು ಸೀರೆಯಲ್ಲಿ, ಸೊಂಟಕ್ಕೆ ಕೈ ಕೊಟ್ಟು ಬೀಗರ ಎದುರಿಗೆ ನಿಂತಿದ್ದಾಳೆ. ನಿಮ್ಮತ್ತೆ ಕೈಯಲ್ಲಿದ್ದ ಸೌಟು ಹಿಡಿದೇ ಓಡಿಬಂದಳು. ಅಜ್ಜಿ ಚಾಪೆ ಎಳೆದುಕೊಂಡು ಟಿವಿಯ ಮೂತಿಗೇ ಕೂತಳು. ಇನ್ನೇನು, ಸ್ವಲ್ಪ ಹೊತ್ತಿಗೆ ಹಾಡು ಮನೆಯೆಲ್ಲ ತುಂಬಿತು:

ಬಂದಾರೆ ಬೀಗರು ಬಾಗಿಲ ತುಂಬ
ತಂದಾರೆ ತಾಂಬೂಲ ಬರಿ ಎಲೆ ತುಂಬ
ಅಡಿಕೆಯ ಎಲ್ಲಿಟ್ಟರವ್ವ, ಬೀಗಿತ್ತಿ
ಸೆರಗಲ್ಲಿ ಕಟ್ಟಿ ಬಂದಾಳೊ!

ಉಳಿದ ಚರಣಗಳನ್ನು ಮೊಬೈಲಿನಲ್ಲಿ ಕೇಳಿ ಕಲಿತುಕೊ, ನಿನ್ನ ಗೆಳತಿಯರಿಗೂ ಕಲಿಸು. ದನಿ ಅಲ್ಲಲ್ಲಿ ನಡುಗುತ್ತದೆ. ನಡುವೆ ಒಂದು ಕೆಮ್ಮು, "ತಡಿಯೋ" ಅನ್ನುವ ಮಾತು ಎರಡೂ ಇವೆ. ಹಳೇ ಟೇಪು, ವಯಸ್ಸಾದ ಮಿಷನ್ನು, ಅಷ್ಟು ಇದ್ದೇ ಇರುತ್ತದೆ. ಆ ಮಾಲೂರಿನವನಿಗೆ ಮಾತ್ರ ಒಂದು ಸಲ ಕೇಳಿಸಿ ಬರಬೇಕೆಂದಿದ್ದೇನೆ.

ರಾಯಲ್ಪಾಡಿನವರು ಬರಲಿ, ನೋಡೋಣ.

ನಿನ್ನ ಮದುವೆಯಲ್ಲಿ ಮೀಸೆ ತಿರುವಲು ಕಾದಿರುವ ಮಾವ,
ಮುನಿಶಾಮಿ

ವಿ.ಸೂ.: ನಿಮ್ಮತ್ತೆ ಕಾಗದ ಓದಿ, ನಿಜ ಬರೆಯುವವರೆಗೆ ಅಂಟಿಸಲು ಬಿಡುವುದಿಲ್ಲ ಎಂದು ಕೂತಿದ್ದಾಳೆ. ಆಯಿತು, ಬರೆಯುತ್ತೇನೆ. ವಿಸಿಆರ್‌ನಿಂದ ಚಿತ್ರ ಬಂತು, ಸದ್ದು ಬರಲೇ ಇಲ್ಲ. ಏನು ತಿರುವಿದರೂ ಮೂಕ. ಅಜ್ಜಿ, "ಏನ್ಲಾ, ನನ್ ಬಾಯಿಗೆ ಬಟ್ಟೆ ತುರ್ಕಿದ್ದೀಯಾ?" ಎಂದು ಬೈದು, ಟಿವಿಯೊಳಗಿನ ತನ್ನ ತುಟಿಯನ್ನೇ ನೋಡಿದಳು. ನಾನು ಹಿಂದಕ್ಕೆ ಸುತ್ತಿ ಸುತ್ತಿ ತೋರಿಸಿದೆ. ಮೊದಲು ಕೈ ತಾನಾಗಿ ಸೊಂಟಕ್ಕೆ ಹೋಯಿತು, ಆಮೇಲೆ ತುಟಿ ಅಲ್ಲಾಡಿತು, ಆಮೇಲೆ ಗಂಟಲು ಬಿಟ್ಟಿತು ನೋಡು! ನಿನ್ನ ಮೊಬೈಲಿನಲ್ಲಿರುವುದು ಮೊನ್ನೆಯ ಅಜ್ಜಿ. ಕೆಮ್ಮೂ ಅವಳದೇ. ಮದುವೆಗೆ ತಾನೇ ಎದುರು ನಿಂತು ಹಾಡುತ್ತಾಳಂತೆ, ಆದ್ದರಿಂದ ನೀನು ಕಲಿಯದಿದ್ದರೂ ನಡೆಯುತ್ತದೆ. ನಿಮ್ಮತ್ತೆ ಹೊಲಿಯುತ್ತಿರುವ ನಿನ್ನ ಮದುವೆ ರವಿಕೆ ತಡವಾದರೆ ನನ್ನನ್ನು ಬೈಯಬೇಡ, ರಬ್ಬರ್ ಉಂಗುರ ವಾಪಸ್ ಹಾಕುತ್ತಿದ್ದೇನೆ. ಅಜ್ಜಿ ಹೊಸದೊಂದು ಚರಣ ಬೇರೆ ಕಟ್ಟಿದ್ದಾಳೆ. ಅದನ್ನು ಬೀಗರ ಮುಂದೆ ಹಾಡದಂತೆ ನೀನೇ ತಡೆಯಬೇಕು, ಗಂಗೂ:

ಬಂದಾನೆ ಸೋದರಮಾವ ಸ್ಕ್ರೂ ಬಿಚ್ಚಿ ಹಿಡಿದು
ಮಾತಾಡೊ ಮಿಷನ್ನ ಮೂಕ ಮಾಡಿ ಕುಣಿದು
ಊರೆಲ್ಲ ಡಂಗೂರವವ್ವ, ಇವನಿಗೂ
ಬಾಯಿಗೆ ಅಕ್ಷತೆ ಹಾಕೊ!