ಐದು ಕುಟುಂಬಕ್ಕೆ ಒಂದೇ ಕೀಲಿಕೈ

ಬಡವರಿಗೆ ಮನೆ ಕೊಟ್ಟೆನೆಂದು ಪತ್ರಿಕೆಯಲ್ಲಿ ನಗುತ್ತಿರುವ ಮಾನ್ಯ ವಸತಿ ಅಧಿಕಾರಿಗಳೇ,

ತಾವು ನನಗೆ ಕೊಟ್ಟ ಮನೆ ನನಗೆ ಸಿಕ್ಕಿಲ್ಲ. ಇದನ್ನೇ ಮರಾಠಿಯಲ್ಲಿ ಬರೆದು ಎರಡು ಸಲ ತಮ್ಮ ಕಚೇರಿಗೆ ಕೊಟ್ಟೆ, ಉತ್ತರ ಬರಲಿಲ್ಲ. ಈ ಸಲ ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಕನ್ನಡ ಬರುವುದಿಲ್ಲವೆಂದು ಓದದೆ ಬಿಡಲು ತಮಗೊಂದು ಕಾರಣವಾದರೂ ಇರಲಿ.

ನಾನು ಉಟಗಿಯವಳು. ಮಹಾರಾಷ್ಟ್ರದ ಈ ಜತ್ತದಲ್ಲಿ ಖಡಕ್ ರೊಟ್ಟಿ ಬಡಿಯುವ ಕೆಲಸ ನನ್ನದು. ನಮ್ಮ ಯಜಮಾನರು ಶಂಕರಲಿಂಗ ಅವರು ಜೀಪು ಓಡಿಸುತ್ತಾರೆ. ಸಿದ್ದಲಿಂಗವ್ವ ಎಂಬವರ ಮನೆಯ ಹಿಂದಿನ ಖೋಲಿಯಲ್ಲಿ ಮಗಳು ದಾಕ್ಷಾಯಣಿಯೊಂದಿಗೆ ಬಾಡಿಗೆಗಿದ್ದೆವು. ಕಡಿಮೆ ಬಾಡಿಗೆಯ ಫ್ಲ್ಯಾಟು ಎಂದು ತಾವು ಸಾರಿದಾಗ ಅರ್ಜಿ ಹಾಕಿದೆವು, ಹೆಸರೂ ಬಂತು. 'ನಾಳಿ ಮುಂಜಾನಿ ಚಾವಿ ತಗೊಳ್ಳಾಕ ಬರ್ರಿ, ಚಲೋ ಸೀರಿ ಉಟ್ಕೊಂಡು ಬರ್ರಿ' ಎಂದು ತಮ್ಮ ಕಚೇರಿಯಿಂದ ಫೋನು ಬಂತು. ಸರ್ಕಾರಕ್ಕೆ ನನ್ನ ಸೀರೆಯ ಕಾಳಜಿ ಯಾಕೆಂದು ಆಗಲೇ ಹೊಳೆಯಬೇಕಿತ್ತು.

ನಮ್ಮ ಕಡೆ ಮನೆ ಬಿಟ್ಟು ಹೋಗುವ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸಿದ್ದಲಿಂಗವ್ವ ನನ್ನನ್ನು ಕೂಡ್ರಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು, ಹೆತ್ತ ಮಗಳಿಗೆ ತುಂಬಿದಂತೆ ಉಡಿ ತುಂಬಿದರು. 'ಚಲೋತ್ನಾಗಿ ಬಾಳ್ರಿ' ಎಂದು ಕಣ್ಣೊರೆಸಿಕೊಂಡರು. ಖೋಲಿ ಬಿಟ್ಟುಕೊಟ್ಟು, ಒಲೆ, ಹಾಸಿಗೆ, ಪಾತ್ರೆಯನ್ನೆಲ್ಲ ಜೀಪಿಗೆ ಹೇರಿಕೊಂಡು ನೇರವಾಗಿ ಕೀಲಿಕೈ ಹಂಚುವ ತಮ್ಮ ಮಂಟಪಕ್ಕೆ ಬಂದೆವು.

ತಾವು ಕೀಲಿಕೈ ಕೊಟ್ಟಿರಿ, ಚಪ್ಪಾಳೆ ಬಿತ್ತು, ಫೋಟೋ ಆಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ತಮ್ಮ ನೌಕರ ಕೈ ಚಾಚಿದ.

'ಅಕ್ಕಾರ, ಚಾವಿ ಇಲ್ಲಿ ಕೊಡ್ರಿ. ಇನ್ನಾ ನಾಕು ಮಂದೀದು ಫೋಟೋ ತಗಿಯೋದದ.'

'ನಮ್ಮ ಮನಿ ಚಾವಿ ಅಲ್ಲೇನ್ರಿ ಇದು?' ಎಂದೆ.

'ಯಾರ ಮನೀದೂ ಅಲ್ರಿ. ಅಲ್ಲಿ ನಳಾ ಬಂದಿಲ್ಲ, ಲೈಟ್ ಬಂದಿಲ್ಲ. ಬಂದ ಮ್ಯಾಲ ಕರೀತೀವಿ.'

ನನ್ನ ಕೈಯಿಂದ ಹೋದ ಕೀಲಿಕೈ ಇನ್ನೂ ನಾಲ್ಕು ಕುಟುಂಬಗಳ ಕೈ ತಿರುಗಿ ತಮ್ಮ ಕಚೇರಿಗೇ ಮರಳಿತು. ಸರ್ಕಾರದ ಖರ್ಚು ಉಳಿಸುವುದನ್ನು ತಮ್ಮಿಂದ ಕಲಿಯಬೇಕು.

ಜೀಪನ್ನು ಹಾಗೆಯೇ ತಿರುಗಿಸಿ ಹಳೆಯ ಮನೆಗೆ ಹೋದೆವು. ಖೋಲಿಯಲ್ಲಿ ಹೊಸ ಬಾಡಿಗೆಯವರು ಆಗಲೇ ಹಾಲು ಉಕ್ಕಿಸಿದ್ದರು. 'ನಿನಗ ಉಡಿ ತುಂಬಿ ಕಳಿಸೀನವ್ವ. ಈಗ ಬಂದವರಿಗಿ ಹೊರಗ ನಡೀರಿ ಅಂತ ಯಾವ ಬಾಯಿಲೆ ಹೇಳ್ಲಿ?' ಎಂದರು ಸಿದ್ದಲಿಂಗವ್ವ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನ ಮಾತು ನಂಬಿದ್ದರು, ನಾನು ತಮ್ಮ ಮಾತು ನಂಬಿದ್ದೆ.

ಬೇರೆ ಖೋಲಿ ನೋಡಿಕೊಳ್ಳಬಾರದೇ ಎನ್ನುತ್ತೀರಾ? ಮರುದಿನವೇ ಫೋಟೋ ಪತ್ರಿಕೆಯಲ್ಲಿ ಬಂತಲ್ಲ! ಖೋಲಿ ಖಾಲಿಯಿದ್ದ ಗುರಪ್ಪ ಎಂಬ ಮಾಲೀಕರು ನನ್ನ ಮುಖ ನೋಡಿದೊಡನೆ ಗುರುತಿಸಿದರು. 'ಸರಕಾರದ ಮನಿ ಸಿಕ್ಕದಲ್ರಿ ನಿಮಗ, ಪೇಪರದಾಗ ನೋಡೀನಿ. ಅದನ್ನ ಯಾರಿಗೋ ಬಾಡಿಗಿ ಕೊಟ್ಟು ಇಲ್ಲಿ ಸಸ್ತಾ ಖೋಲಿ ಹುಡುಕಾಕ ಬಂದೀರಿ' ಎಂದು ಬಾಗಿಲು ಹಾಕಿಕೊಂಡರು. ಹೋದಲ್ಲೆಲ್ಲ ಇದೇ ಮಾತು. ತಮ್ಮ ಕಚೇರಿಗೆ ಬಂದರೆ, ಒಮ್ಮೆ ಮನೆ ಪಡೆದವರು ಇಷ್ಟು ಆಸೆ ಪಡಬಾರದೆಂಬ ಉಪದೇಶ. ಮನೆಯಿಲ್ಲದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ ಎಂಬುದು ಗೊತ್ತಿತ್ತು. ತಮ್ಮಿಂದ ಮನೆ ಪಡೆದವರಿಗೆ ಸಿಗುವುದೇ ಇಲ್ಲ ಎಂಬುದು ಈಗ ತಿಳಿಯಿತು.

ಸದ್ಯ ನಾನು ರೊಟ್ಟಿ ಮಾಡುವ ಶೆಡ್ಡಿನಲ್ಲಿ ಹಿಟ್ಟಿನ ಚೀಲಗಳ ಪಕ್ಕ ಮಲಗುತ್ತೇನೆ, ಯಜಮಾನರು ಜೀಪಿನಲ್ಲಿ. ದಾಕ್ಷಾಯಣಿಯನ್ನು ಶಾಲೆ ಬಿಡಿಸಿ ಉಟಗಿಗೆ, ನನ್ನ ತವರಿಗೆ ಕಳಿಸಿದ್ದೇನೆ. 'ಯವ್ವಾ, ನಮ್ಮ ಹೊಸಾ ಮನ್ಯಾಗ ಈಗ ಯಾರದಾರ?' ಎಂದು ಫೋನಿನಲ್ಲಿ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ, ತಾವೇ ಹೇಳಿ.

ಆ ಮನೆ ಕೊಡಿ. ನಳ ಇಲ್ಲದಿದ್ದರೂ ನಡೆಯುತ್ತದೆ, ಕೊಡ ಹೊತ್ತು ನೀರು ತರುವುದು ನಮಗೆ ಹೊಸದಲ್ಲ. ಕೊಡಲಾಗದಿದ್ದರೆ ಮತ್ತೊಮ್ಮೆ ಮಂಟಪ ಹಾಕಿಸಿ, ಅದೇ ಜನರನ್ನು, ಅದೇ ಪತ್ರಿಕೆಯವರನ್ನು ಕರೆಸಿ. ಮೆಟ್ಟಿಲ ಮರೆಯಲ್ಲಿ ನೌಕರನ ಮೂಲಕ ಕಸಿದುಕೊಂಡ ಕೀಲಿಕೈಯನ್ನು ಈ ಸಲ ವೇದಿಕೆಯ ಮೇಲೆ, ಎಲ್ಲರೆದುರು, ತಮ್ಮ ಕೈಯಾರೆ ನನ್ನಿಂದ ವಾಪಸು ತೆಗೆದುಕೊಳ್ಳಿ. ಆ ಫೋಟೋ ಪತ್ರಿಕೆಯಲ್ಲಿ ಬಂದರೆ, ಜತ್ತದಲ್ಲಿ ಯಾರಾದರೂ ನನಗೊಂದು ಖೋಲಿ ಬಾಡಿಗೆಗೆ ಕೊಟ್ಟಾರು.

ಇಂತಿ,
ತಮ್ಮ ಕೃಪೆಯಿಂದ ಬಾಡಿಗೆ ಮನೆಯನ್ನೂ ಕಳೆದುಕೊಂಡ
ವಿದ್ಯಾವತಿ ಶಂಕರಲಿಂಗ
ಜತ್ತ
(ವಿಳಾಸವನ್ನು ತಾವೇ ತುಂಬಿಕೊಳ್ಳಬೇಕು)